ಕಿಡಿಯನ್ನು ಹಿಂಡೋದೂ ಕಾಂತಕ್ಷೇತ್ರ, ಬಿಡಿಸೋದೂ ಕಾಂತಕ್ಷೇತ್ರ: ವ್ಯಾಕ್ಯೂಮ್ ಬ್ರೇಕರ್ ಒಳಗೆ ಏನಾಗುತ್ತೆ?

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬ್‌ನಲ್ಲಿ ಓದ್ಕೊತೀವಿ ಅನ್ನೋರಿಗಾಗಿ ಎಂದಿನಂತೆ ಅದರ ಬರಹ ರೂಪ ಇಲ್ಲಿದೆ. ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೀನಿ.

ಮೊದಲು ಒಂದು ತಪ್ಪೊಪ್ಪಿಗೆ. ಹೋದ ಸಂಚಿಕೆಯಲ್ಲಿ ಮಳೆ ಬಂದ ಕೂಡಲೇ ಕರೆಂಟ್ ಯಾಕೆ ಹೋಗುತ್ತೆ ಅಂತ ಹೇಳ್ತಾ, ಸಬ್‌ಸ್ಟೇಷನ್ನಿನ ವ್ಯಾಕ್ಯೂಮ್ ಬ್ರೇಕರ್ ಬಗ್ಗೆ ಎರಡು ವಾಕ್ಯ ಎಸೆದಿದ್ದೆ. "ಒಳಗೆ ಗಾಳಿಯೇ ಇಲ್ಲ, ಹಾಗಾಗಿ ಕಿಡಿ ಹುಟ್ಟೋದಿಲ್ಲ. ಬ್ರೇಕರ್ ಆಫ್ ಅಂದ್ರೆ ಲೈನ್ ಸತ್ತ ಹಾಗೆ." ನಾನು ವಿಶಾಖಪಟ್ಟಣದಲ್ಲಿ ಕೂತು ಕೋಡ್ ಬರೆಯೋ ಮನುಷ್ಯ. ಎಂಟೆಕ್ ಮಾಡಿದ್ದು ಪವರ್ ಸಿಸ್ಟಮ್ಸ್‌ನಲ್ಲಿ ಆದ್ರೂ, ಅದನ್ನು ಬಿಟ್ಟು ಹತ್ತು ವರ್ಷ ಆಯ್ತು. ವಿಜಯವಾಡ ಕಡೆಯ ಸಬ್‌ಸ್ಟೇಷನ್ನೊಂದರಲ್ಲಿ ಕೆಲಸ ಮಾಡೋ, ಬಳ್ಳಾರಿ ಕಡೆಯ ಒಬ್ಬ ಹಿರಿಯರು ಕೆಳಗೆ ಬರೆದಿದ್ರು: "ತಮ್ಮಾ, ಖಾಲಿ ಜಾಗದಾಗ ಕಿಡಿ ಬರಂಗಿಲ್ಲ ಅಂತ ಯಾರು ಹೇಳಿದ್ರು ನಿಂಗ? ಅದಕ್ಕಿಂತ ಎರಡನೇ ಮಾತು ಕೆಟ್ಟದು. ನಮ್ಮ ಹುಡುಗರೂ ನಿನ್ನ ವಿಡಿಯೊ ನೋಡ್ತಾರ."

ಅವರು ಹೇಳಿದ್ದು ಎರಡೂ ಸರಿ. ಮೊದಲನೇ ತಪ್ಪು ಭೌತಶಾಸ್ತ್ರದ್ದು, ಎರಡನೇದು ಜೀವ ತೆಗೆಯುವಂಥದ್ದು. ಇವತ್ತು ಎರಡನ್ನೂ ತಿದ್ದೋಣ. ಮೊದಲನೇದನ್ನು ತಿದ್ದೋಕೆ ಹೊರಟಾಗ ನಡುವೆ ಒಂದು ಚೆಂದದ ವಿಷಯ ಸಿಗುತ್ತೆ: ಬ್ರೇಕರ್ ಕಾಂಟ್ಯಾಕ್ಟಿನ ಆಕಾರಕ್ಕೂ ಕಾಂತಕ್ಷೇತ್ರಕ್ಕೂ ಇರೋ ನಂಟು.

ಈ ಡಬ್ಬಿ ಎಲ್ಲಿರುತ್ತೆ?

ನೀವು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವಂದೇ ಭಾರತ್‌ನಲ್ಲಿ ಹೋಗಿದ್ರೆ, ನಡುನಡುವೆ ಎಸಿಯ ಗುಂಯ್ ಸದ್ದು ಕೆಲವು ಸೆಕೆಂಡು ನಿಂತು ಮತ್ತೆ ಶುರುವಾಗೋದನ್ನು ಗಮನಿಸಿರಬಹುದು. ಅದು ಕೆಟ್ಟಿದ್ದಲ್ಲ. ಮೇಲಿನ 25 ಕಿಲೊವೋಲ್ಟ್ ತಂತಿಗೆ ಅಕ್ಕಪಕ್ಕದ ಸಬ್‌ಸ್ಟೇಷನ್ನುಗಳು ಬೇರೆ ಬೇರೆ ಫೇಸ್‌ನಿಂದ ಕರೆಂಟ್ ಕೊಡ್ತವೆ. ಆ ಎರಡು ತಂತಿ ಒಂದಕ್ಕೊಂದು ತಾಗದ ಹಾಗೆ ನಡುವೆ ಕರೆಂಟ್ ಇಲ್ಲದ ಒಂದು ತುಂಡು ಇಟ್ಟಿರ್ತಾರೆ. ಅದಕ್ಕೆ ನ್ಯೂಟ್ರಲ್ ಸೆಕ್ಷನ್ ಅಂತಾರೆ. ಅದನ್ನು ದಾಟುವಾಗ ರೈಲಿನ ಚಾವಣಿ ಮೇಲಿನ ಬ್ರೇಕರನ್ನು ತೆರೆದು, ದಾಟಿದ ಮೇಲೆ ಮುಚ್ತಾರೆ. ನಮ್ಮ ಲೋಕೊ ಪೈಲಟ್‌ಗಳ ಬಾಯಲ್ಲಿ ಆ ಬ್ರೇಕರ್‌ನ ಹೆಸರು ಡಿಜೆ. ಮೊದಲು ಒತ್ತಡದ ಗಾಳಿಯಿಂದ ಕಿಡಿ ಊದಿ ಆರಿಸೋ ಬ್ರೇಕರ್ ಇರ್ತಿತ್ತು, ಆ ಜಾಗಕ್ಕೆ ವ್ಯಾಕ್ಯೂಮ್ ಬ್ರೇಕರ್ ಬಂತು.

ನಿಮ್ಮ ಏರಿಯಾದ 33/11 ಕಿಲೊವೋಲ್ಟ್ ಸಬ್‌ಸ್ಟೇಷನ್ನಿನಲ್ಲೂ ಇದೇ ಜಾತಿಯ ಡಬ್ಬಿ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಬಡಿದಾಗ ಕಂಬಗಳು ಸಾಲಾಗಿ ಉರುಳಿದ್ವು. 2024ರ ಸೆಪ್ಟೆಂಬರ್ ಶುರುವಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್‌ನಗರ ಮುಳುಗಿತ್ತು. ತಂತಿ ತುಂಡಾಗಿ ನೆಲಕ್ಕೆ ಬಿದ್ದಾಗ, ಕೊಂಬೆ ಎರಡು ತಂತಿಗೆ ಅಡ್ಡ ಬಿದ್ದಾಗ, ನೂರಾರು ಆಂಪಿಯರ್ ಹರಿಯೋ ಕಡೆ ಒಮ್ಮೆಗೇ ಸಾವಿರಾರು ಆಂಪಿಯರ್ ನುಗ್ಗುತ್ತೆ. ಅದನ್ನು ಕತ್ತರಿಸೋದು ಈ ಡಬ್ಬಿಯ ಕೆಲಸ.

ನೋಡೋಕೆ ಏನೂ ಇಲ್ಲ. ಉದ್ದ ಹಾರ್ಲಿಕ್ಸ್ ಬಾಟಲಿಯಷ್ಟು ದೊಡ್ಡ ಪಿಂಗಾಣಿ ಕೊಳವೆ, ಎರಡೂ ಕಡೆ ಸೀಲ್. ಒಳಗೆ ಮುಖಾಮುಖಿ ಎರಡು ಲೋಹದ ಬಿಲ್ಲೆ. ಒಂದು ಗಟ್ಟಿಯಾಗಿ ನಿಂತಿರುತ್ತೆ, ಇನ್ನೊಂದು ಸರಿಯುತ್ತೆ. ಗಾಳಿ ಒಳಗೆ ಬರದ ಹಾಗೆ ಸರಿಯೋ ಕಡೆಗೆ ಅಕಾರ್ಡಿಯನ್ ತರ ಮಡಿಕೆ ಮಡಿಕೆಯಾದ ಉಕ್ಕಿನ ಬೆಲ್ಲೋಸ್. ಈ ಬಾಟಲಿಗೆ ವ್ಯಾಕ್ಯೂಮ್ ಇಂಟರಪ್ಟರ್ ಅಂತ ಹೆಸರು. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕೂಡ ಇದನ್ನು ತಯಾರಿಸುತ್ತೆ.

ಗಾಳಿ ಇಲ್ಲದಿದ್ರೂ ಕಿಡಿ ಹೇಗೆ?

ಬಾಟಲಿಯೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಕೋಟಿಯಲ್ಲಿ ಒಂದು ಪಾಲು, ಅಥವಾ ಅದಕ್ಕಿಂತಲೂ ಕಮ್ಮಿ. ಅಷ್ಟು ವಿರಳ ಜಾಗದಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯೋ ಮೊದಲು ಸರಾಸರಿ ಅರ್ಧ ಮೀಟರ್‌ಗಿಂತ ಹೆಚ್ಚು ದೂರ ಹೋಗುತ್ತೆ. 11 ಕಿಲೊವೋಲ್ಟ್ ಬಾಟಲಿಯಲ್ಲಿ ಬಿಲ್ಲೆಗಳ ನಡುವಿನ ಅಂತರ ಸುಮಾರು 10 ಮಿಲಿಮೀಟರ್. ಡಿಕ್ಕಿಯೇ ಇಲ್ಲದಿದ್ರೆ ಗಾಳಿ ಸೀಳಿ ಮಿಂಚು ಹೊಡೆಯೋ ಸರಪಳಿ ಕ್ರಿಯೆ ಶುರುವಾಗೋದಿಲ್ಲ. ಹಾಗಾಗಿ ಅಷ್ಟು ಸಣ್ಣ ಅಂತರ ಅಷ್ಟು ದೊಡ್ಡ ವೋಲ್ಟೇಜ್ ತಡೆಯುತ್ತೆ. ಇಲ್ಲೀವರೆಗೆ ನಾನು ಹೇಳಿದ್ದು ಸರಿ.

ತಪ್ಪಿದ್ದು ಎಲ್ಲಿ ಅಂದ್ರೆ, ಬಿಲ್ಲೆಗಳು ಹರಿಯೋ ಕರೆಂಟಿನ ನಡುವೆಯೇ ಬೇರೆ ಆಗ್ತವೆ. ಕೊನೆ ಕ್ಷಣದಲ್ಲಿ ಒಂದೆರಡು ಸೂಜಿಮೊನೆಯಷ್ಟು ಜಾಗ ಮಾತ್ರ ತಾಗಿರುತ್ತೆ. ಪೂರ್ತಿ ಕರೆಂಟ್ ಅಲ್ಲೇ ನುಗ್ಗಿ ಲೋಹ ಕರಗಿ, ಕುದಿದು, ಆವಿಯಾಗುತ್ತೆ. ಆ ಲೋಹದ ಆವಿಯೇ ಕಿಡಿಯ ಮೈ. ಗಾಳಿ ಇಲ್ಲದ ಕಡೆ ಬ್ರೇಕರ್ ತನ್ನ ಕಿಡಿಗೆ ಬೇಕಾದ ಸಾಮಗ್ರಿಯನ್ನು ತನ್ನ ಮೈಯಿಂದಲೇ ಕೊಡುತ್ತೆ.

ಋಣಾಗ್ರದ ಕಡೆ, ಅಂದ್ರೆ ಕ್ಯಾಥೋಡ್ ಮೇಲೆ, ಸಣ್ಣ ಸಣ್ಣ ಉರಿಯೋ ಚುಕ್ಕಿಗಳು ಏಳ್ತವೆ. ತಾಮ್ರದಲ್ಲಿ ಒಂದು ಚುಕ್ಕಿ ಹೊರೋದು ಅಂದಾಜು 100 ಆಂಪಿಯರ್. 500 ಆಂಪಿಯರ್ ಇದ್ರೆ ಐದು ಚುಕ್ಕಿ, 5,000 ಇದ್ರೆ ಐವತ್ತು. ಈ ಚುಕ್ಕಿಗಳು ಒಂದರಿಂದೊಂದು ದೂರ ಸರಿದು ಬಿಲ್ಲೆ ಪೂರ್ತಿ ಹರಡಿಕೊಳ್ತವೆ. ಬಿಸಿ ಹಂಚಿಹೋಗುತ್ತೆ, ಯಾವ ಜಾಗವೂ ಹೆಚ್ಚು ಬೇಯೋದಿಲ್ಲ.

ನಮ್ಮ ಕರೆಂಟ್ 50 ಹರ್ಟ್ಜ್, ಅಂದ್ರೆ 10 ಮಿಲಿಸೆಕೆಂಡಿಗೊಮ್ಮೆ ತಾನಾಗೇ ಸೊನ್ನೆ ಮುಟ್ಟುತ್ತೆ. ಸೊನ್ನೆ ಬಂದಾಗ ಚುಕ್ಕಿಗಳು ಆರ್ತವೆ, ಆವಿ ಬಿಲ್ಲೆಗಳ ಮೇಲೂ ಸುತ್ತಲಿನ ಲೋಹದ ತೆರೆಯ ಮೇಲೂ ಕೂತು ಗಟ್ಟಿಯಾಗುತ್ತೆ. ಮೈಕ್ರೊಸೆಕೆಂಡುಗಳಲ್ಲಿ ಮತ್ತೆ ನಿರ್ವಾತ. ವೋಲ್ಟೇಜ್ ಮತ್ತೆ ಏರಿದಾಗ ದಾಟೋಕೆ ಸೇತುವೆಯೇ ಇರೋದಿಲ್ಲ. ಹಾಗಾಗಿ ವ್ಯಾಕ್ಯೂಮ್ ಬ್ರೇಕರ್ ಕಿಡಿಯನ್ನು ತಡೆಯೋದಿಲ್ಲ. ಕಿಡಿ ಸತ್ತ ಮೇಲೆ ಅದು ಮತ್ತೆ ಏಳದ ಹಾಗೆ ನೋಡ್ಕೊಳ್ಳುತ್ತೆ. 1926ರಲ್ಲೇ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಸೊರೆನ್‌ಸೆನ್ ಮತ್ತು ಮೆಂಡೆನ್‌ಹಾಲ್ ಇದನ್ನು ಪ್ರಯೋಗ ಮಾಡಿ ತೋರಿಸಿದ್ರು. ಆದ್ರೆ ದೊಡ್ಡ ಫಾಲ್ಟ್ ಕರೆಂಟ್ ಕತ್ತರಿಸೋ ಬಾಟಲಿ ಮಾರುಕಟ್ಟೆಗೆ ಬರೋಕೆ 1960ರ ದಶಕದವರೆಗೆ ಕಾಯಬೇಕಾಯ್ತು. ಗಾಳಿ ಸೋರದ ಸೀಲ್, ಒಳಗೆ ಅನಿಲ ಬಿಡದ ಲೋಹ ಬೇಕಿತ್ತು. ಜೊತೆಗೆ ಈಗ ಹೇಳೋ ಸಮಸ್ಯೆಗೂ ಉತ್ತರ ಬೇಕಿತ್ತು.

10 ಕಿಲೊಆಂಪಿಯರ್ ದಾಟಿದ ಮೇಲೆ

ಪಿಯುಸಿಯಲ್ಲಿ ಓದಿದ್ದು ನೆನಪಿದೆಯಾ? ಒಂದೇ ದಿಕ್ಕಿಗೆ ಕರೆಂಟ್ ಹರಿಯೋ ಎರಡು ತಂತಿ ಒಂದನ್ನೊಂದು ಸೆಳೀತವೆ. ಒಂದರ ಕಾಂತಕ್ಷೇತ್ರ ಇನ್ನೊಂದನ್ನು ತನ್ನ ಕಡೆ ಎಳೆಯುತ್ತೆ. ಹರಡಿಕೊಂಡ ಕಿಡಿಯೂ ಹಾಗೇ: ನೂರಾರು ಎಳೆಗಳು, ಎಲ್ಲದರಲ್ಲೂ ಒಂದೇ ದಿಕ್ಕಿನ ಕರೆಂಟ್. ಕರೆಂಟ್ ಕಮ್ಮಿ ಇದ್ದಾಗ ಈ ಸೆಳೆತ ಲೆಕ್ಕಕ್ಕಿಲ್ಲ. ಸಾದಾ ಚಪ್ಪಟೆ ಬಿಲ್ಲೆಗಳಲ್ಲಿ ಸುಮಾರು 10 ಕಿಲೊಆಂಪಿಯರ್ ದಾಟ್ತಿದ್ದ ಹಾಗೆ ಸೆಳೆತ ಗೆಲ್ಲುತ್ತೆ. ಎಳೆಗಳೆಲ್ಲ ಹಿಂಡಿಕೊಂಡು ಒಂದೇ ದಪ್ಪ ಕಂಬ ಆಗ್ತವೆ. ಇದಕ್ಕೆ ಪಿಂಚ್ ಅಂತಾರೆ.

ಆಗ ಧನಾಗ್ರದ ಮೇಲೆ, ಅಂದ್ರೆ ಆನೋಡ್ ಮೇಲೆ, ಒಂದೇ ಜಾಗ ಕುದಿಯೋಕೆ ಶುರು. ಕರೆಂಟ್ ಸೊನ್ನೆ ಆದ್ರೂ ಆ ಲೋಹದ ಮಡು ತಣ್ಣಗಾಗಿರೋದಿಲ್ಲ, ಆವಿ ಉಗುಳ್ತಾನೇ ಇರುತ್ತೆ. ವೋಲ್ಟೇಜ್ ಮತ್ತೆ ಏರಿದ ಕೂಡಲೇ ಆ ಆವಿಯ ಮೂಲಕ ಕಿಡಿ ಮತ್ತೆ ಹತ್ತುತ್ತೆ. ಬ್ರೇಕರ್ ತೆರೆದಿದೆ, ಕರೆಂಟ್ ಮಾತ್ರ ಹರೀತಿದೆ. 11 ಕಿಲೊವೋಲ್ಟ್ ಪ್ಯಾನೆಲ್‌ಗಳಲ್ಲಿ 25 ಕಿಲೊಆಂಪಿಯರ್ ಅನ್ನೋದು ಸಾಮಾನ್ಯ ರೇಟಿಂಗ್. ಅಂದ್ರೆ ಬೇಕಾದ ಸಾಮರ್ಥ್ಯ ಈ ಗಡಿಗಿಂತ ತುಂಬಾ ಮೇಲಿದೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸರ್ವರ್ ಹತ್ತಿದೆ, ಟ್ರಾಫಿಕ್ ಎಲ್ಲ ಒಂದರ ಮೇಲೇ ಬಿದ್ದಿದೆ. ಪರಿಹಾರಗಳೂ ನಮಗೆ ಗೊತ್ತಿರುವಂಥವೇ. ಒಂದೊಂದು ಕ್ಷಣ ಒಂದೊಂದಕ್ಕೆ ತಿರುಗಿಸ್ತಾ ಹೋಗೋದು, ಇಲ್ಲಾ ಎಲ್ಲದಕ್ಕೂ ಒಟ್ಟಿಗೆ ಹಂಚೋದು. ಚೆಂದ ಏನಂದ್ರೆ, ಇದಕ್ಕೆ ಹೊರಗಿನಿಂದ ಯಾವ ಅಯಸ್ಕಾಂತವನ್ನೂ ತರೋದಿಲ್ಲ. ಹಿಂಡಿದ ಕರೆಂಟನ್ನೇ ಬಿಲ್ಲೆಯೊಳಗೆ ಬೇರೆ ದಾರಿಯಲ್ಲಿ ಸುತ್ತಿಸಿ, ಅದರ ಕ್ಷೇತ್ರದಿಂದಲೇ ಕೆಲಸ ತೆಗೀತಾರೆ. ದಾರಿ ಮಾಡೋದು ಗರಗಸದಿಂದ ಸೀಳಿದಂಥ ಕೆಲವು ಸೀಳುಗಳು, ಅಷ್ಟೆ.

ದಾರಿ ಒಂದು: ಸಿಂಹಾಚಲದ ಗಿರಿ ಪ್ರದಕ್ಷಿಣೆ

ವಿಶಾಖಪಟ್ಟಣದಲ್ಲಿ ಇರೋರಿಗೆ ಇದು ಗೊತ್ತು. ಆಷಾಢ ಹುಣ್ಣಿಮೆ ಹೊತ್ತಿಗೆ ಲಕ್ಷಾಂತರ ಜನ ಸಿಂಹಾಚಲ ಬೆಟ್ಟವನ್ನು ಸುಮಾರು 32 ಕಿಲೊಮೀಟರ್ ಸುತ್ತು ಹಾಕ್ತಾರೆ. ಜನ ಒತ್ತೊತ್ತಾಗೇ ಇರ್ತಾರೆ. ಆದ್ರೆ ನಡೀತಾ ಇರೋದ್ರಿಂದ ಯಾವ ಒಂದು ಜಾಗದ ಮೇಲೂ ಪೂರ್ತಿ ಭಾರ ನಿಲ್ಲೋದಿಲ್ಲ.

ಆರ್‌ಎಂಎಫ್, ಅಂದ್ರೆ ರೇಡಿಯಲ್ ಕಾಂತಕ್ಷೇತ್ರದ ಕಾಂಟ್ಯಾಕ್ಟ್ ಮಾಡೋದು ಇದನ್ನೇ. ಬಿಲ್ಲೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಸುರುಳಿಯಾಗಿ ಸೀಳು ಹಾಕ್ತಾರೆ. ಕರೆಂಟ್ ನೇರ ಬರೋಕಾಗದೆ ಸುರುಳಿಯ ತೋಳಿನ ಉದ್ದಕ್ಕೂ ಬಂದು, ಕಿಡಿಯಾಗಿ ದಾಟಿ, ಎದುರಿನ ಬಿಲ್ಲೆಯ ತೋಳಿನಲ್ಲಿ ವಾಪಸ್ ತಿರುಗುತ್ತೆ. ಇದರಿಂದ ಅಂತರದಲ್ಲಿ ಕಿಡಿಗೆ ಅಡ್ಡವಾದ ಕ್ಷೇತ್ರ ಹುಟ್ಟುತ್ತೆ. ಕರೆಂಟ್ ಮೇಲಿಂದ ಕೆಳಕ್ಕೆ, ಕ್ಷೇತ್ರ ನಡುವಿನಿಂದ ಹೊರಕ್ಕೆ. ಫ್ಲೆಮಿಂಗ್‌ನ ಎಡಗೈ ಹಿಡಿದು ನೋಡಿ, ಬಲ ಸುತ್ತಲಿನ ದಿಕ್ಕಿಗೆ ಬರುತ್ತೆ. ಹಿಂಡಿಕೊಂಡ ಕಂಬ ಅಂಚಿನ ಸುತ್ತ ಓಡೋಕೆ ಶುರು ಮಾಡುತ್ತೆ.

ವೇಗ ಸೆಕೆಂಡಿಗೆ ನೂರಾರು ಮೀಟರ್ ತಲುಪುತ್ತೆ. ಸುಲಭದ ಲೆಕ್ಕ: ಕಿಡಿ ಓಡೋ ವೃತ್ತದ ವ್ಯಾಸ 40 ಮಿಲಿಮೀಟರ್ ಅಂದ್ಕೊಳ್ಳಿ, ಸುತ್ತಳತೆ ಸುಮಾರು 125 ಮಿಲಿಮೀಟರ್. ಸೆಕೆಂಡಿಗೆ 100 ಮೀಟರ್ ಅಂದ್ರೆ 10 ಮಿಲಿಸೆಕೆಂಡಿನಲ್ಲಿ ಒಂದು ಮೀಟರ್, ಎಂಟು ಪ್ರದಕ್ಷಿಣೆ! ಬಿಲ್ಲೆ ಎಲ್ಲೂ ಆಳವಾಗಿ ಕರಗೋಕೆ ಸಮಯ ಸಿಗೋದಿಲ್ಲ.

ದಾರಿ ಎರಡು: ಇಂದ್ರಕೀಲಾದ್ರಿಯ ಕ್ಯೂ

ವಿಜಯವಾಡದವರು ದಸರಾ ಸಮಯದ ಕನಕದುರ್ಗಮ್ಮನ ದರ್ಶನ ನೆನಪಿಸಿಕೊಳ್ಳಿ. ಅಷ್ಟು ಜನರನ್ನು ಬಯಲಿನಲ್ಲಿ ಬಿಟ್ರೆ ಎಲ್ಲರೂ ನಡುವಿಗೇ ನುಗ್ತಾರೆ. ಅದಕ್ಕೇ ಉದ್ದಕ್ಕೂ ಬ್ಯಾರಿಕೇಡ್ ಹಾಕಿ ಸಾಲು ಸಾಲು ಮಾಡ್ತಾರೆ. ನಿಮ್ಮ ಸಾಲಿನಲ್ಲಿ ಮುಂದೆ ಹೋಗಬಹುದು, ಪಕ್ಕದ ಸಾಲಿಗೆ ಹಾರೋ ಹಾಗಿಲ್ಲ.

ಎಎಂಎಫ್, ಅಂದ್ರೆ ಆಕ್ಸಿಯಲ್ ಕಾಂತಕ್ಷೇತ್ರದಲ್ಲಿ ಬ್ಯಾರಿಕೇಡ್ ಆಗೋದು ಕ್ಷೇತ್ರದ ರೇಖೆಗಳು. ಬಿಲ್ಲೆಯ ಹಿಂದೆ ಕರೆಂಟನ್ನು ಒಂದು ಸುತ್ತಿನ ಭಾಗದಷ್ಟು ತಿರುಗಿಸ್ತಾರೆ, ಕಾಯಿಲ್ ತರ. ಹುಟ್ಟೋ ಕ್ಷೇತ್ರ ಕಿಡಿಗೆ ಸಮಾನಾಂತರ. ಎಲೆಕ್ಟ್ರಾನು ರೇಖೆಯ ಉದ್ದಕ್ಕೆ ಆರಾಮಾಗಿ ಹೋಗುತ್ತೆ, ಅಡ್ಡಕ್ಕೆ ಹೋಗೋಕೆ ಹೊರಟ್ರೆ ರೇಖೆಯನ್ನೇ ಗಿರಕಿ ಹೊಡೆಯುತ್ತೆ.

ಎಷ್ಟು ಬಿಗಿಯಾದ ಗಿರಕಿ? ಪ್ರತಿ ಕಿಲೊಆಂಪಿಯರ್‌ಗೆ 4 ಮಿಲಿಟೆಸ್ಲಾ ಅಂತ ಹಿಡಿದ್ರೆ, 25 ಕಿಲೊಆಂಪಿಯರ್‌ಗೆ 100 ಮಿಲಿಟೆಸ್ಲಾ. ದಕ್ಷಿಣ ಭಾರತದಲ್ಲಿ ಭೂಮಿಯ ಕಾಂತಕ್ಷೇತ್ರಕ್ಕಿಂತ ಇದು ಸುಮಾರು 2,500 ಪಟ್ಟು. ಸೆಕೆಂಡಿಗೆ 1,000 ಕಿಲೊಮೀಟರ್ ವೇಗದ ಎಲೆಕ್ಟ್ರಾನು ಅದರಲ್ಲಿ ಹೊಡೆಯೋ ಗಿರಕಿಯ ತ್ರಿಜ್ಯ 0.06 ಮಿಲಿಮೀಟರ್‌ಗಿಂತ ಕಮ್ಮಿ, ಕೂದಲಿನ ದಪ್ಪದಷ್ಟು. ಐವತ್ತು ಮಿಲಿಮೀಟರ್ ಬಿಲ್ಲೆಯ ಮೇಲೆ ಅದು ತನ್ನ ಸಾಲಿಗೆ ಅಂಟಿಕೊಂಡೇ ಇರುತ್ತೆ. ಭಾರದ ಅಯಾನುಗಳು ಇಷ್ಟು ಬಿಗಿಯಾಗಿ ಸುತ್ತೋದಿಲ್ಲ, ಆದ್ರೆ ಎಲೆಕ್ಟ್ರಾನುಗಳನ್ನು ಬಿಟ್ಟು ಹೋಗೋಕೂ ಅವಕ್ಕೆ ಆಗಲ್ಲ. ಹಾಗಾಗಿ ಪಿಂಚ್ ಗೆಲ್ಲೋದಿಲ್ಲ. ದೊಡ್ಡ ಕರೆಂಟಿನಲ್ಲೂ ಕಿಡಿ ಹರಡಿಕೊಂಡೇ ಉರಿಯುತ್ತೆ, ಆನೋಡ್ ಮೇಲೆ ಮಡು ಕಟ್ಟೋದಿಲ್ಲ.

ಒಂದು ಪ್ಲಸ್, ಒಂದು ಮೈನಸ್

ಬಟ್ಟಲಿನ ಆಕಾರದ ಕಾಂಟ್ಯಾಕ್ಟ್ ಒಂದಿದೆ. ಗೋಡೆಯಲ್ಲಿ ಓರೆಯಾಗಿ ಸೀಳು ಹಾಕಿರ್ತಾರೆ, ಹಾಗಾಗಿ ಕರೆಂಟ್ ಓರೆಯಾಗಿ ಸುತ್ತುತ್ತಾ ಇಳಿಯುತ್ತೆ. ಎದುರುಬದುರಿನ ಎರಡು ಬಟ್ಟಲಿನಲ್ಲೂ ಕರೆಂಟ್ ಒಂದೇ ದಿಕ್ಕಿಗೆ ಸುತ್ತಿದ್ರೆ ಎರಡೂ ಸೇರಿ ಒಂದು ಕಾಯಿಲ್ ಆಗುತ್ತೆ. ಉದ್ದದ ಕ್ಷೇತ್ರ ಕೂಡಿಕೊಳ್ಳುತ್ತೆ, ಅದು ಎಎಂಎಫ್. ಎರಡರಲ್ಲೂ ವಿರುದ್ಧ ದಿಕ್ಕಿಗೆ ಸುತ್ತಿದ್ರೆ ಉದ್ದದ ಕ್ಷೇತ್ರ ಕಳೆದುಹೋಗಿ ಅಡ್ಡದ ಕ್ಷೇತ್ರ ಕೂಡಿಕೊಳ್ಳುತ್ತೆ, ಅದು ಆರ್‌ಎಂಎಫ್. ತತ್ವದ ಮಟ್ಟಿಗೆ, ಎರಡು ಬಟ್ಟಲು ಒಂದೇ ಅಚ್ಚಿನವಾದ್ರೆ ಕಿಡಿ ಹರಡುತ್ತೆ, ಒಂದು ಇನ್ನೊಂದರ ಕನ್ನಡಿ ಬಿಂಬ ಆದ್ರೆ ಕಿಡಿ ಓಡುತ್ತೆ. ಕೋಡ್‌ನಲ್ಲಿ ಒಂದು ಚಿಹ್ನೆ ತಪ್ಪಿದ್ರೆ ಏನಾಗುತ್ತೆ ಅಂತ ನಮಗೆ ಗೊತ್ತಲ್ಲ!

ನನ್ನ ಥೀಸಿಸ್ಸಿನ ಸೊನ್ನೆ

ಎಂಟೆಕ್‌ನಲ್ಲಿ ನಾನು ಎಎಂಎಫ್ ಕಾಂಟ್ಯಾಕ್ಟಿನ ಫೈನೈಟ್ ಎಲಿಮೆಂಟ್ ಮಾಡೆಲ್ ಮಾಡಿದ್ದೆ. ಗರಿಷ್ಠ ಕರೆಂಟ್ ಕೊಟ್ಟು ಕ್ಷೇತ್ರ ಲೆಕ್ಕ ಹಾಕಿ, ಬಣ್ಣಬಣ್ಣದ ಚಿತ್ರ ತಗೊಂಡು ಹೋದೆ. ಗೈಡ್ ಒಂದೇ ಪ್ರಶ್ನೆ ಕೇಳಿದ್ರು: "ಕರೆಂಟ್ ಸೊನ್ನೆ ಆದಾಗ ಫೀಲ್ಡ್ ಎಷ್ಟು?" ನಾನು ಧೈರ್ಯವಾಗಿ "ಸೊನ್ನೆ ಸರ್" ಅಂದೆ. ಅವರು ಲ್ಯಾಪ್‌ಟಾಪ್ ಮುಚ್ಚಿ ವಾಪಸ್ ಕೊಟ್ರು.

ನಾನು ಬಳಸಿದ್ದು ಸ್ಥಿರ ಕರೆಂಟಿನ ಸಾಲ್ವರ್. ಅದರಲ್ಲಿ ಕರೆಂಟ್ ಇಲ್ಲ ಅಂದ್ರೆ ಕ್ಷೇತ್ರ ಇಲ್ಲ. ನಿಜವಾದ ಬಾಟಲಿಯಲ್ಲಿ ಕರೆಂಟ್ ಬದಲಾಗ್ತಾ ಇರುತ್ತೆ. ಬದಲಾಗೋ ಕ್ಷೇತ್ರ ಬಿಲ್ಲೆಯ ಲೋಹದೊಳಗೇ ಸುಳಿಗಳನ್ನು ಎಬ್ಬಿಸುತ್ತೆ, ಎಡ್ಡಿ ಕರೆಂಟ್. ಈ ಸುಳಿಗಳು ಬದಲಾವಣೆಯನ್ನು ವಿರೋಧಿಸ್ತವೆ. ಹಾಗಾಗಿ ಕ್ಷೇತ್ರ ಕರೆಂಟಿಗಿಂತ ಹಿಂದೆ ಬೀಳುತ್ತೆ. ಕರೆಂಟ್ ಸೊನ್ನೆ ಆದ ಕ್ಷಣದಲ್ಲೂ ಸ್ವಲ್ಪ ಕ್ಷೇತ್ರ ಉಳಿದಿರುತ್ತೆ. ಆವಿ ಬೇಗ ಚದುರಬೇಕಾದ ಹೊತ್ತಿನಲ್ಲೇ ಆ ಉಳಿಕೆ ಕ್ಷೇತ್ರ ಎಲೆಕ್ಟ್ರಾನುಗಳನ್ನು ಸಾಲಿನಲ್ಲಿ ಹಿಡಿದಿಟ್ಟುಕೊಳ್ಳುತ್ತೆ. ದರ್ಶನ ಮುಗಿದ್ರೂ ಬ್ಯಾರಿಕೇಡ್ ತೆಗೆಯದ ಹಾಗೆ.

ಇದಕ್ಕೂ ಮದ್ದು ಸೀಳುಗಳೇ. ಬಿಲ್ಲೆಯ ಮುಖದಲ್ಲಿ ನಡುವಿನಿಂದ ಅಂಚಿಗೆ ನೇರ ಸೀಳು ಹಾಕಿದ್ರೆ ಸುಳಿಗಳಿಗೆ ಸುತ್ತೋಕೆ ದಾರಿ ಸಿಗೋದಿಲ್ಲ. ಮುಖಕ್ಕೆ ಬಳಸೋ ತಾಮ್ರ ಮತ್ತು ಕ್ರೋಮಿಯಂ ಮಿಶ್ರಣವೂ ಇಲ್ಲಿ ಸಹಾಯ ಮಾಡುತ್ತೆ. ಸಾಮಾನ್ಯವಾಗಿ 25ರಿಂದ 50 ಶೇಕಡಾ ಕ್ರೋಮಿಯಂ ಇರೋ ಈ ಮಿಶ್ರಣಕ್ಕೆ ಶುದ್ಧ ತಾಮ್ರಕ್ಕಿಂತ ರೋಧ ಜಾಸ್ತಿ, ಹಾಗಾಗಿ ಸುಳಿಗಳು ಕಮ್ಮಿ.

ಹಾಗಾದ್ರೆ ಯಾವುದು ಒಳ್ಳೇದು?

ಎಎಂಎಫ್‌ನಲ್ಲಿ ಬಿಲ್ಲೆ ಕಮ್ಮಿ ಸವೆಯುತ್ತೆ, ತುಂಬಾ ದೊಡ್ಡ ಫಾಲ್ಟ್ ಕರೆಂಟಿಗೂ ಏರಿದ ವೋಲ್ಟೇಜಿಗೂ ಅದು ಹೊಂದುತ್ತೆ. ಆದ್ರೆ ಕರೆಂಟ್ ಸುತ್ತು ಹೊಡೆದು ಬರಬೇಕು, ದಾರಿ ಉದ್ದ, ರೋಧ ಜಾಸ್ತಿ. ಫಾಲ್ಟ್ ಬರೋದು ಯಾವಾಗಲೋ ಒಮ್ಮೆ, ಮಾಮೂಲಿ ಲೋಡ್ ಹರಿಯೋದು 24 ಗಂಟೆ. ಆ ರೋಧದಲ್ಲಿ ಹುಟ್ಟೋ ಬಿಸಿಯನ್ನು ಒಯ್ಯೋಕೆ ಬಾಟಲಿಯೊಳಗೆ ಗಾಳಿ ಇಲ್ಲ, ತಾಮ್ರದ ಕಂಬಿಯ ಮೂಲಕವೇ ಹೊರಗೆ ಬರಬೇಕು. ವಿಜಯವಾಡದ ಮೇ ತಿಂಗಳಿನಲ್ಲಿ ಪ್ಯಾನೆಲ್ ರೂಮ್ ಹೇಗಿರುತ್ತೆ ಅಂತ ನಾನು ಹೇಳಬೇಕಿಲ್ಲ. ಆರ್‌ಎಂಎಫ್‌ನಲ್ಲಿ ದಾರಿ ಚಿಕ್ಕದು, ರಚನೆ ಸರಳ, ಮಾಮೂಲಿ ಲೋಡಿಗೆ ತಂಪು. ಆದ್ರೆ ಹಿಂಡಿದ ಕಿಡಿ ಓಡೋದ್ರಿಂದ ಸವೆತ ಜಾಸ್ತಿ. ಹಾಗಾಗಿ ಎರಡೂ ಬದುಕಿವೆ.

ಎರಡನೇ ತಪ್ಪು

ಈಗ ಆ ಹಿರಿಯರು ಬೈದ ಎರಡನೇ ಮಾತಿಗೆ ಬರೋಣ. ಇಷ್ಟೆಲ್ಲ ಕಸರತ್ತು ನಡೆಯೋದು 10 ಮಿಲಿಮೀಟರ್ ಅಂತರದಲ್ಲಿ, ಕಣ್ಣಿಗೆ ಕಾಣದ ಬಾಟಲಿಯೊಳಗೆ. ಬೆಲ್ಲೋಸ್ ಸೀಳಿ ಗಾಳಿ ಒಳಗೆ ಹೋಗಿದ್ರೆ ಹೊರಗಿನಿಂದ ಏನೂ ಗೊತ್ತಾಗೋದಿಲ್ಲ. ಹಿಡಿಕೆ ಸರಿಯಾಗೇ ಸರಿಯುತ್ತೆ, ಬೋರ್ಡಿನಲ್ಲಿ ಆಫ್ ಅಂತಲೇ ತೋರಿಸುತ್ತೆ. ನಿರ್ವಾತ ಇಲ್ಲದ 10 ಮಿಲಿಮೀಟರನ್ನು ನಂಬಿ ಯಾರೂ ತಂತಿ ಮುಟ್ಟಬಾರದು. ಬ್ರೇಕರ್ ಕರೆಂಟ್ ಕತ್ತರಿಸೋ ಸಾಧನ, ಲೈನನ್ನು ಬೇರ್ಪಡಿಸೋ ಸಾಧನ ಅಲ್ಲ. ಲೈನ್ ಕ್ಲಿಯರ್ ತಗೊಂಡು, ಬ್ರೇಕರ್ ಆಫ್ ಮಾಡಿ, ಐಸೊಲೇಟರ್ ತೆರೆದು ಇಲ್ಲಾ ಬ್ರೇಕರ್ ಟ್ರಾಲಿಯನ್ನೇ ಹೊರಗೆಳೆದು, ವೋಲ್ಟೇಜ್ ಇಲ್ಲ ಅಂತ ಪರೀಕ್ಷೆ ಮಾಡಿ, ಅರ್ಥಿಂಗ್ ರಾಡ್ ಹಾಕಿದ ಮೇಲೆಯೇ ಕೈ. ಅರ್ಥಿಂಗ್ ಯಾಕೆ ಬಿಡಬಾರದು ಅಂದ್ರೆ, ಯಾವುದೋ ಮನೆಯ ಜನರೇಟರ್‌ನಿಂದಲೂ ಕರೆಂಟ್ ಹಿಂದಕ್ಕೆ ಬರಬಹುದು. ನಾನು ಒಂದು ವಾಕ್ಯದಲ್ಲಿ ಅಳಿಸಿಹಾಕಿದ್ದು ಈ ಇಡೀ ಸಾಲನ್ನು. ಹಳೇ ವಿಡಿಯೊದ ಆ ಭಾಗವನ್ನು ತೆಗೆದಿದ್ದೀನಿ.

ಬಾಟಲಿಯ ಆರೋಗ್ಯ ನೋಡೋಕೆ ತೆರೆದ ಬಿಲ್ಲೆಗಳ ನಡುವೆ ಹೆಚ್ಚಿನ ವೋಲ್ಟೇಜ್ ಕೊಟ್ಟು, ತಡೆಯುತ್ತಾ ಅಂತ ಪರೀಕ್ಷಿಸ್ತಾರೆ. ಇನ್ನೊಂದು ಮ್ಯಾಗ್ನೆಟ್ರಾನ್ ಪರೀಕ್ಷೆ. ಬಾಟಲಿಯ ಸುತ್ತ ಕಾಯಿಲ್ ಇಟ್ಟು ಕಾಂತಕ್ಷೇತ್ರ ಕೊಟ್ಟರೆ ಎಲೆಕ್ಟ್ರಾನುಗಳು ಒಳಗೆ ಗಿರಕಿ ಹೊಡೀತಾ ಹೆಚ್ಚು ಹೊತ್ತು ಉಳೀತವೆ, ಅಳಿದುಳಿದ ಅನಿಲಕ್ಕೆ ಡಿಕ್ಕಿ ಹೊಡೆದು ಅಯಾನು ಮಾಡ್ತವೆ. ಆ ಸಣ್ಣ ಕರೆಂಟ್ ಅಳೆದ್ರೆ ಒಳಗೆ ಎಷ್ಟು ಗಾಳಿ ಇದೆ ಅಂತ ಗೊತ್ತಾಗುತ್ತೆ. ಇಲ್ಲೂ ಕೆಲಸ ಮಾಡೋದು ಅದೇ ಗಿರಕಿ.

ಬಳ್ಳಾರಿ ಹಿರಿಯರಿಗೆ ಈ ಸ್ಕ್ರಿಪ್ಟನ್ನು ಮೊದಲೇ ಕಳಿಸಿದ್ದೆ. ಓದಿ ಒಂದು ಸಾಲು ಬರೆದಿದ್ರು: "ಈಗ ಹುಡುಗರಿಗೆ ತೋರಸ್ತೀನಿ." ನಿಮ್ಮಲ್ಲೂ ಯಾರಾದ್ರೂ ಸಬ್‌ಸ್ಟೇಷನ್‌ನಲ್ಲೋ ಲೋಕೊ ಶೆಡ್‌ನಲ್ಲೋ ಇದ್ರೆ, ನಾನು ತಪ್ಪಿದ ಕಡೆ ಹೀಗೇ ಕಿವಿ ಹಿಂಡಿ. ಮುಂದಿನ ವಾರ ಸಿಗೋಣ.